ಕಪ್ಪು ಪರದೆಗೆ ಕಣ್ಣಿಗೊಪ್ಪುವ ಬಣ್ಣ

ನಾನು ಕೊಚ್ಚಿಗೆ ಬಂದು ಒಂಬತ್ತು ವರ್ಷವಾಯಿತು. ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ತಂಡದ ಅರ್ಧ ಜನ ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿದ್ದಾರೆ. ನಡುವೆ ಸುಮಾರು ಇನ್ನೂರು ಕಿಲೋಮೀಟರ್. ಯಾವಾಗಲಾದರೂ ಬೆಳಗಿನ ಜಾವದ ವಂಚಿನಾಡ್ ಎಕ್ಸ್‌ಪ್ರೆಸ್ ಹಿಡಿದು ಹೋಗಿ ಬರುತ್ತೇನೆ. ಉಳಿದ ದಿನಗಳಲ್ಲಿ ನಮ್ಮ ಭೇಟಿಯೆಲ್ಲ ಟರ್ಮಿನಲ್ಲಿನ ಕಪ್ಪು ಪರದೆಯ ಮೇಲೆಯೇ. ಅಲ್ಲಿ ಮೌಸ್ ಇಲ್ಲ, ಮೆನು ಇಲ್ಲ. ಫೈಲು ತಿದ್ದಬೇಕೆಂದರೆ ವಿಮ್ ಅಥವಾ ನ್ಯಾನೋ ಎಂಬ ಎಡಿಟರ್.

ಇವುಗಳಲ್ಲಿ ಬಣ್ಣ ಹಾಕಿಕೊಳ್ಳುವುದನ್ನು ಹುಡುಗರ ಶೋಕಿ ಎಂದುಕೊಂಡವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಸರ್ವರಿನ ಸೆಟ್ಟಿಂಗ್ ಫೈಲುಗಳಲ್ಲಿ ಹಿಂದೆ ಕೆಲಸ ಮಾಡಿದವರು ಟಿಪ್ಪಣಿ ಬರೆದಿಟ್ಟಿರುತ್ತಾರೆ: ಈ ಸಾಲು ಮುಟ್ಟಬೇಡಿ, ಹಳೆಯ ಬಿಲ್ಲಿಂಗ್ ಇದರ ಮೇಲೆ ನಿಂತಿದೆ, ಅಂತ. ಯಂತ್ರ ಅದನ್ನು ಓದುವುದಿಲ್ಲ. ಅದು ಮನುಷ್ಯರು ಮನುಷ್ಯರಿಗೆ ಬರೆದದ್ದು. ಆದರೆ ಎಷ್ಟೋ ಕಡೆ ವಿಮ್ ತೆರೆದರೆ ಆ ಟಿಪ್ಪಣಿಯೇ ಕಪ್ಪು ಹಿನ್ನೆಲೆಯಲ್ಲಿ ಕಡುನೀಲಿಯಾಗಿ ಕಾಣುತ್ತದೆ. ಕಾಣುತ್ತದೆ ಎನ್ನುವುದೇ ಹೆಚ್ಚಾಯಿತು. ರಾತ್ರಿ ಎರಡು ಗಂಟೆಗೆ, ದಣಿದ ಕಣ್ಣಿಗೆ, ಆ ಸಾಲು ಅಲ್ಲಿ ಇಲ್ಲವೇ ಇಲ್ಲ.

ಕಾರಣ ಸರಳ. ನಿಮ್ಮ ಪರದೆ ಬಿಳಿಯೋ ಕಪ್ಪೋ ಎಂದು ವಿಮ್ ಊಹಿಸುತ್ತದೆ. ಬಿಳಿ ಎಂದುಕೊಂಡರೆ ಟಿಪ್ಪಣಿಗೆ ಕಡುನೀಲಿ ಕೊಡುತ್ತದೆ. ಬಿಳಿ ಕಾಗದದ ಮೇಲೆ ಅದು ಸರಿಯಾದ ಬಣ್ಣವೇ. ದೂರದ ಸರ್ವರಿಗೆ ಲಾಗಿನ್ ಆದಾಗ ಈ ಊಹೆ ಆಗಾಗ ತಪ್ಪುತ್ತದೆ. ನಿಮ್ಮ ಮನೆಯ ಫೋಲ್ಡರಿನಲ್ಲಿರುವ ಡಾಟ್ ವಿಮ್‌ಆರ್‌ಸಿ ಎಂಬ ಫೈಲಿನಲ್ಲಿ ಎರಡು ಸಾಲು ಸಾಕು, ಇಂಗ್ಲಿಷ್ ಅಕ್ಷರಗಳಲ್ಲೇ: 'ಸಿಂಟ್ಯಾಕ್ಸ್ ಆನ್', ಅದರ ಕೆಳಗೆ 'ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್'. ಟಿಪ್ಪಣಿ ತಿಳಿನೀಲಿಗೆ ತಿರುಗುತ್ತದೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಹೈಲೈಟ್' ಆಜ್ಞೆಯಿಂದ ಟಿಪ್ಪಣಿಗಳಿಗೆಲ್ಲ ಹಳದಿ ಕೊಟ್ಟಿದ್ದೇನೆ. ಈ ಸಾಲು 'ಕಲರ್‌ಸ್ಕೀಮ್' ಸಾಲಿನ ಕೆಳಗೇ ಇರಬೇಕು; ಮೇಲಿದ್ದರೆ ಕಲರ್‌ಸ್ಕೀಮ್ ಬಂದು ಎಲ್ಲ ಒರೆಸಿ ಹಾಕುತ್ತದೆ. 'ಸಿಂಟ್ಯಾಕ್ಸ್ ಆನ್' ಎಂದರೂ ಈ ಆಜ್ಞೆ ಇಲ್ಲಿಲ್ಲ ಎಂಬ ಉತ್ತರ ಬಂದರೆ, ಆ ಯಂತ್ರದಲ್ಲಿರುವುದು ವಿಮ್-ಟೈನಿ ಎಂಬ ಬಡಕಲು ರೂಪ. ಪೂರ್ತಿ ವಿಮ್ ಹಾಕಿಸಿಕೊಳ್ಳಿ.

ಇದೆಲ್ಲ ನನ್ನ ಕಣ್ಣಿನ ಮಾತಾಯಿತು. ತಿರುವನಂತಪುರದಲ್ಲಿ ನಮ್ಮ ಹುಡುಗನೊಬ್ಬನಿದ್ದಾನೆ. ಕೆಲಸದಲ್ಲಿ ಚುರುಕು, ಲಿನಕ್ಸ್ ಅವನಿಗೆ ನೀರು ಕುಡಿದಷ್ಟು ಸಲೀಸು. ಅದರಲ್ಲಿ ಆಶ್ಚರ್ಯವಿಲ್ಲ. ನಾನು ಲಿನಕ್ಸ್ ಮುಖ ನೋಡಿದ್ದು ಇಂಜಿನಿಯರಿಂಗಿನಲ್ಲಿ. ಅವನು ಓದಿದ ಸರ್ಕಾರಿ ಶಾಲೆಯಲ್ಲೇ ಅದಿತ್ತು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, ಅಂದರೆ 2017ರಲ್ಲಿ ಕೈಟ್ ಆದದ್ದು, ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವನ್ನೇ ಒಯ್ದಿತು. ಇಮ್ಯಾಕ್ಸ್ ಎಡಿಟರ್ ಬರೆದ ರಿಚರ್ಡ್ ಸ್ಟಾಲ್ಮನ್ 2001ರ ಜುಲೈನಲ್ಲಿ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಚಾಲನೆ ಕೊಟ್ಟದ್ದೂ ಅವರೂರಿನಲ್ಲೇ.

ಬದಲಾದ ಕೋಡನ್ನು ಗಿಟ್ ತೋರಿಸುವಾಗ ತೆಗೆದ ಸಾಲು ಕೆಂಪು, ಸೇರಿಸಿದ್ದು ಹಸಿರು. ಕಾಲ್‌ನಲ್ಲಿ ಯಾರಾದರೂ "ಆ ಕೆಂಪು ಸಾಲು ನೋಡಿ" ಎಂದರೆ ಈ ಹುಡುಗ ಒಂದು ಗಳಿಗೆ ತಡೆಯುತ್ತಿದ್ದ. ಒಮ್ಮೆ ಅಲ್ಲಿಗೆ ಹೋದಾಗ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಅವನೇ ಹೇಳಿದ: "ಚೇಚೀ, ನನಗೆ ಅವೆರಡೂ ಒಂದೇ ಥರ ಕಾಣುತ್ತವೆ. ಸಾಲಿನ ಮುಂದಿನ ಪ್ಲಸ್, ಮೈನಸ್ ನೋಡಿಕೊಂಡು ಓದುತ್ತೇನೆ. ತಂಡದಲ್ಲಿ ಹೇಳಬೇಡಿ."

ರೈಲು ಓಡಿಸಬೇಕೆಂಬುದು ಅವನ ಆಸೆಯಾಗಿತ್ತಂತೆ. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪರೀಕ್ಷೆಯಲ್ಲೇ ಅದು ಮುಗಿಯಿತು. ಅಮ್ಮನ ತಮ್ಮನಿಗೂ ಹೀಗೇ ಇದೆಯಂತೆ. ಕೆಂಪು-ಹಸಿರಿನ ಈ ಕೊರತೆ ಎಕ್ಸ್ ಕ್ರೋಮೋಸೋಮಿನಲ್ಲಿ ಬರುವುದರಿಂದ ಗಂಡಸರಲ್ಲೇ ಹೆಚ್ಚು, ತಾಯಿಯ ಕಡೆಯಿಂದ ದಾಟುತ್ತದೆ. ಒಂದು ಕೆಲಸ ಬಣ್ಣದಿಂದ ಕೈತಪ್ಪಿದವನಿಗೆ ಇನ್ನೊಂದೂ ಹೋದೀತೆಂಬ ಹೆದರಿಕೆ ಇರುವುದು ಸಹಜ. ಆದರೆ ಸಿಗ್ನಲ್ ದೀಪದ ಬಣ್ಣವನ್ನು ನಾವು ಬದಲಿಸಲಾರೆವು. ಗಿಟ್‌ನದನ್ನು ಅರ್ಧ ನಿಮಿಷದಲ್ಲಿ ಬದಲಿಸಬಹುದು. ಸೇರಿಸಿದ್ದಕ್ಕೆ ತಿಳಿನೀಲಿ, ತೆಗೆದದ್ದಕ್ಕೆ ಹಳದಿ ಇಟ್ಟೆವು. ವಿಮ್‌ನಲ್ಲಿ ಎರಡು ಫೈಲು ಹೋಲಿಸುವಾಗಿನ ಬಣ್ಣಗಳನ್ನೂ ಹಾಗೇ ತಿದ್ದಿದೆವು. ಯಾರಿಗಾಗಿ ಎಂದು ಹೇಳದೆ ತಂಡಕ್ಕೆಲ್ಲ ಅದೇ ಸೆಟ್ಟಿಂಗ್ ಕಳಿಸಿದೆ. "ಇದು ಚೆನ್ನಾಗಿದೆ" ಎಂದವರೇ ಹೆಚ್ಚು. ಈ ಬರಹದ ಬಗ್ಗೆ ಅವನನ್ನು ಕೇಳಿದೆ. ಹೆಸರು ಬೇಡ, ಬರೆಯಿರಿ ಎಂದ.

ಅವನು ನನಗೆ ಕಲಿಸಿದ್ದೂ ಇದೆ. ಸುಡೋ ಹಾಕಿ ವಿಮ್ ತೆರೆದರೆ ಹೆಚ್ಚಿನ ಕಡೆ ನಮ್ಮ ಬಣ್ಣಗಳೆಲ್ಲ ಮಾಯ, ಏಕೆಂದರೆ ಆಗ ಓದುವುದು ರೂಟ್‌ನ ಸೆಟ್ಟಿಂಗ್. ಅದರ ಬದಲು 'ಸುಡೋಎಡಿಟ್' ಬಳಸಿದರೆ ಫೈಲಿನ ನಕಲು ನಮ್ಮದೇ ಎಡಿಟರಿನಲ್ಲಿ, ನಮ್ಮದೇ ಬಣ್ಣದಲ್ಲಿ ತೆರೆದುಕೊಳ್ಳುತ್ತದೆ. ಇನ್ನೊಂದು, ಗ್ರಾಹಕರ ನಿಜವಾದ ಸರ್ವರಿನಲ್ಲಿ ಮಾತ್ರ ನ್ಯಾನೋದ ತಲೆಪಟ್ಟಿಗೆ ಕೆಂಪು ಹಿನ್ನೆಲೆ, ಬಿಳಿ ಅಕ್ಷರ. ಯಂತ್ರಕ್ಕೆಲ್ಲ ಅನ್ವಯಿಸುವ ನ್ಯಾನೋಆರ್‌ಸಿ ಫೈಲಿನಲ್ಲಿ 'ಟೈಟಲ್‌ಕಲರ್' ಎಂದು ಕೊಟ್ಟರಾಯಿತು, ಯಾರು ತೆರೆದರೂ ಕಾಣುತ್ತದೆ. ಕೆಂಪು ತಿಳಿಯದಿದ್ದರೇನು ಮಾಡುತ್ತೀ ಎಂದು ಕೇಳಿದೆ. "ಬೇರೆ ಸರ್ವರಿನ ಪಟ್ಟಿ ಬೆಳ್ಳಗಿರುತ್ತದೆ, ಇದು ಗಾಢ. ನನಗೆ ಅಷ್ಟು ಸಾಕು," ಎಂದ.

ಒಂದು ಆಸೆ ಮಾತ್ರ ಬಾಕಿ ಇದೆ. ಟಿಪ್ಪಣಿಗಳನ್ನು ನಾನು ಕನ್ನಡದಲ್ಲಿ, ಅವನು ಮಲಯಾಳದಲ್ಲಿ ಬರೆಯಬೇಕೆಂದು. 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಫಾಂಟುಗಳ ಮೇಲೆ ಮಾಡಿರುವ ಕೆಲಸ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಟರ್ಮಿನಲ್ ಎಂದರೆ ಚೌಕುಳಿ ಹಾಳೆ, ಮನೆಗೊಂದು ಅಕ್ಷರ. ನಮ್ಮ ಒತ್ತು, ಗುಣಿತ ಆ ಮನೆಗಳಲ್ಲಿ ಕೂರುವುದಿಲ್ಲ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಅಕ್ಷರ ಒಡೆಯುತ್ತದೆ, ಕರ್ಸರ್ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಹಾಗಾಗಿ ಸರ್ವರಿನೊಳಗೆ ಇಬ್ಬರದೂ ಇಂಗ್ಲಿಷೇ. ಮನೆಯ ಲ್ಯಾಪ್‌ಟಾಪಿನಲ್ಲಿ ಇಮ್ಯಾಕ್ಸ್ ತನ್ನದೇ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ನನ್ನ ಸ್ವಂತದ ಟಿಪ್ಪಣಿಗಳೆಲ್ಲ ಅದರಲ್ಲಿವೆ.