ಕಾರಿಗೆ ಜ್ವರ ಬಂದಾಗ

ಬೇಸಿಗೆಯ ಮಧ್ಯಾಹ್ನ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಗುಡ್ಡದ ರಸ್ತೆಯಲ್ಲಿ ಬಾನೆಟ್ ತೆರೆದು ನಿಂತ ಕಾರನ್ನು ನೀವು ನೋಡಿರಬಹುದು. ಒಳಗಿನಿಂದ ಬುಸ್ಸೆಂದು ಹಬೆ ಏಳುತ್ತಿರುತ್ತದೆ. ‘ಬಿಸಿಲು ಜೋರು, ಅದಕ್ಕೇ ಹೀಟ್ ಆಗಿದೆ’ ಎನ್ನುತ್ತಾರೆ ಸುತ್ತ ನಿಂತವರು. ಆದರೆ ಅದೇ ಬಿಸಿಲಿನಲ್ಲಿ, ಅದೇ ರಸ್ತೆಯಲ್ಲಿ ಉಳಿದ ವಾಹನಗಳು ನಿಲ್ಲದೆ ಹೋಗುತ್ತಿವೆಯಲ್ಲ! ಹಾಗಾದರೆ ಈ ಕಾರಿಗೆ ಮಾತ್ರ ಏನಾಯಿತು?

ಇಂಜಿನ್ನಿನೊಳಗೆ ಇಂಧನ ಉರಿಯುವಾಗ ಕ್ಷಣಕಾಲ ಸುಮಾರು 2000 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಉಂಟಾಗುತ್ತದೆ. ಆ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಪಾಲು ಕಾರನ್ನು ಓಡಿಸುತ್ತದೆ. ಸುಮಾರು ಅಷ್ಟೇ ಪಾಲು ಹೊಗೆಯ ಜೊತೆ ಹೊರಹೋಗುತ್ತದೆ. ಉಳಿದ ಶಾಖವನ್ನು ಹೊತ್ತೊಯ್ಯುವುದು ಬಹುಪಾಲು ನೀರಿನ ಕೆಲಸ. (ಈ ನೀರಿಗೆ ಕೂಲೆಂಟ್ ಎಂಬ ದ್ರವವನ್ನು ಬೆರೆಸಿರುತ್ತಾರೆ.) ಪಂಪು ಅದನ್ನು ಇಂಜಿನ್ನಿನ ಸುತ್ತ ಓಡಿಸುತ್ತದೆ. ಬಿಸಿಯಾದ ನೀರು ಮುಂಭಾಗದ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಸಣ್ಣ ಕೊಳವೆಗಳಿವೆ, ಅವುಗಳ ನಡುವೆ ತೆಳುವಾದ ಲೋಹದ ರೆಕ್ಕೆಗಳಿವೆ. ಬಿಸಿ ಚಹಾವನ್ನು ಬಸಿಗೆ ಸುರಿದರೆ ಬೇಗ ಆರುತ್ತದಲ್ಲವೇ? ಇಲ್ಲಿಯೂ ಗಾಳಿಗೆ ಒಡ್ಡಿಕೊಳ್ಳುವ ಮೇಲ್ಮೈ ಹೆಚ್ಚಾಗಿರುವುದರಿಂದ ನೀರು ತಣಿದು ಮತ್ತೆ ಇಂಜಿನ್ನಿಗೆ ಮರಳುತ್ತದೆ. ಈ ಸುತ್ತಾಟ ಎಲ್ಲಿ ಕೆಟ್ಟಿತು ಎಂದು ಕಂಡುಹಿಡಿಯಬೇಕು.

ಅನುಭವಿ ಮೆಕ್ಯಾನಿಕ್ ಪಾನಾ ಹಿಡಿಯುವ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಯಾವಾಗ ಬಿಸಿಯಾಯಿತು?’ ಹಂಪಿಯ ವಿರೂಪಾಕ್ಷನ ತೇರಿನ ದಿನ ಕಮಲಾಪುರದ ರಸ್ತೆಯಲ್ಲಿ ವಾಹನಗಳು ಆಮೆಯಂತೆ ತೆವಳುತ್ತವೆ ಎನ್ನಿ. ಅಲ್ಲಿ ಬಿಸಿಯಾದ ಕಾರು ಮುಂದೆ ವೇಗವಾಗಿ ಓಡುವಾಗ ತಣಿದರೆ ಸಂಶಯ ಫ್ಯಾನಿನ ಮೇಲೆ. ಓಡುವ ಕಾರಿಗೆ ಗಾಳಿ ತಾನಾಗಿಯೇ ಬಡಿಯುತ್ತದೆ. ನಿಂತ ಕಾರಿಗೆ ಫ್ಯಾನೇ ಗತಿ. ಅದರ ಫ್ಯೂಸು ಸುಟ್ಟಿದ್ದರೂ ಸಾಕು, ಕಥೆ ಮುಗಿಯಿತು.

ಇದಕ್ಕೆ ವಿರುದ್ಧವಾಗಿ, ಊರೊಳಗೆ ಸರಿಯಿದ್ದ ಕಾರು ಏರು ಹತ್ತುವಾಗ ಬಿಸಿಯಾದರೆ ರೇಡಿಯೇಟರನ್ನು ಪರೀಕ್ಷಿಸಬೇಕು. ಏರಿನಲ್ಲಿ ಇಂಜಿನ್ ಹೆಚ್ಚು ದುಡಿಯುತ್ತದೆ, ಹೆಚ್ಚು ಶಾಖ ಹೊರಹೋಗಬೇಕು. ಸಂಡೂರಿನ ಅದಿರು ಲಾರಿಗಳು ಓಡುವ ರಸ್ತೆಗಳಲ್ಲಿ ಕೆಂಪು ಧೂಳು ರೆಕ್ಕೆಗಳ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ. ಕಂಪ್ಲಿಯ ಕಡೆ ಭತ್ತದ ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರುಗಳಿಗೆ ಹೊಟ್ಟಿನ ಕಾಟ. ಎರಡೂ ರೇಡಿಯೇಟರಿಗೆ ಕಂಬಳಿ ಹೊದಿಸಿದಂತೆಯೇ. ಇಂಜಿನ್ ಆರಿದ ಮೇಲೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಎಷ್ಟೋ ಸಲ ಅಷ್ಟರಲ್ಲೇ ಗುಣವಾಗುತ್ತದೆ. ನೀರನ್ನು ಜೋರಾಗಿ ಹೊಡೆದರೆ ರೆಕ್ಕೆಗಳು ಮಡಿಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಹೊರಟ ಸ್ವಲ್ಪ ಹೊತ್ತಿನಲ್ಲೇ ಬಿಸಿಯಾದರೆ? ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ತೆರೆಯದೆ ಸಿಕ್ಕಿಕೊಂಡಿರಬಹುದು. ನೀರು ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಇಲ್ಲೊಂದು ಮೋಸವೂ ಉಂಟು. ನೀರು ತೀರಾ ಇಳಿದಾಗ ಉಷ್ಣತೆ ಅಳೆಯುವ ಸಾಧನ ನೀರಿಗೆ ತಾಗದೆ, ಮುಳ್ಳು ‘ಎಲ್ಲ ಸರಿ’ ಎಂದೇ ತೋರಿಸಬಹುದು. ಆದ್ದರಿಂದ ಹಬೆ ಕಂಡರೆ ಮುಳ್ಳನ್ನು ನಂಬದೆ ಕಾರನ್ನು ನಿಲ್ಲಿಸಬೇಕು.

ಈಗ ಅಪಾಯದ ಸಂಗತಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆಗೆಯಬಾರದು. ದೊಡ್ಡವರು ತೆಗೆಯಲು ಹೋದರೆ ನೀವೇ ತಡೆಯಿರಿ. ಅಡುಗೆಮನೆಯ ಪ್ರೆಷರ್ ಕುಕ್ಕರಿನಂತೆ ಅಲ್ಲಿಯೂ ಒತ್ತಡ ಇರುತ್ತದೆ. ಹಾಗಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲುದು. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ಆ ನೀರು ಒಮ್ಮೆಲೇ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಬೇಕು, ಮುಚ್ಚಳ ಮುಟ್ಟಿದರೆ ತಣ್ಣಗಿರಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ. ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು.

ಇಂಜಿನ್ ಆರಿದ ಮೇಲೆ ಮೆಕ್ಯಾನಿಕ್ ಮುಚ್ಚಳ ತೆಗೆದಾಗ ಒಳಗಿನ ನೀರಿನ ಬಣ್ಣ ನೋಡಿ. ಅದು ಕೆಂಪಗಿದ್ದರೆ ಧೂಳು ಒಳಹೊಕ್ಕಿದೆ ಎಂದುಕೊಳ್ಳಬೇಡಿ. ಅದು ತುಕ್ಕಿರಬಹುದು, ಕೂಲೆಂಟ್ ಹಾಕದೆ ಬರಿಯ ನೀರು ತುಂಬಿಸಿದ್ದರ ಗುರುತಾಗಿರಬಹುದು. ತುಕ್ಕು ಕೊಳವೆಗಳನ್ನು ಒಳಗಿನಿಂದಲೇ ಕಟ್ಟಿಸುತ್ತದೆ. ಸಂಡೂರಿನ ಕೆಂಪು ಅದಿರೂ ಕಬ್ಬಿಣದ ಆಕ್ಸೈಡೇ, ತುಕ್ಕೂ ಕಬ್ಬಿಣದ ಆಕ್ಸೈಡೇ. ಒಂದನ್ನು ಹೊರಗಿನಿಂದ ತೊಳೆಯಬೇಕು, ಇನ್ನೊಂದನ್ನು ಒಳಗಿನಿಂದ.