ಪಾಠಕ್ರಮದ ಹಾಸುಹೊಕ್ಕು

ಸುಸ್ಥಿರತೆ, ಸಮತೆ, ಸಬಲತೆ ಎಂಬ ತತ್ತ್ವತ್ರಯವನ್ನು ಪ್ರಾಥಮಿಕ ಶಾಲೆಯಲ್ಲಿ ಪ್ರತ್ಯೇಕ ಪಾಠವಾಗಿ ಬೋಧಿಸಿದರೆ ಅದು ಕಂಠಪಾಠವಾಗಿಯೇ ಉಳಿಯುವುದು. ಇರುವ ಪಾಠಗಳಲ್ಲಿಯೇ ಹಾಸುಹೊಕ್ಕಾಗಿ ನೆಯ್ದರೆ ನಡತೆಯಾಗುವುದು.

ಇದಕ್ಕೆ ಸಾಮಗ್ರಿಯು ಮಲೆನಾಡಿನಲ್ಲಿಯೇ ಉಂಟು. ಶೃಂಗೇರಿಯ ದೇವಾಲಯದ ಬಳಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯರಷ್ಟೆ. ಅದು ಸುಸ್ಥಿರತೆಯ ಪ್ರತ್ಯಕ್ಷೋದಾಹರಣೆ. ಕೊಪ್ಪ, ನರಸಿಂಹರಾಜಪುರಗಳ ಬಾಲಕರಿಗೆ, ಬೆಟ್ಟವು ಬರಿದಾಗದಂತೆ ಅಡಕೆಯ ತೋಟಕ್ಕೆ ಎಷ್ಟು ಹೊರೆ ಸೊಪ್ಪು ತರಬಹುದೆಂಬುದೇ ಗಣಿತವಾಗಲಿ.

ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರದಾಸೋಹದಲ್ಲಿ ಪಂಕ್ತಿಭೇದವಿಲ್ಲದೆ ಉಣ್ಣುವುದೇ ಸಮತೆಯ ಪಾಠ.

ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾದ ನಲಿಕಲಿ ಪದ್ಧತಿಯಲ್ಲಿ, ಮಳೆಗಾಲದಲ್ಲಿ ಶಾಲೆ ತಪ್ಪಿದ ಹುಡುಗಿಯು ಮರಳಿ ಬಂದಾಗ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಲ್ಲಳು. ಹಿಂದುಳಿದವಳೆಂಬ ಲಜ್ಜೆ ಅವಳಿಗಿಲ್ಲ, ಸಬಲತೆಯೆಂದರೆ ಇದೇ.

ಆದುದರಿಂದ ಬೇಕಾದುದು ಹೊಸ ಗ್ರಂಥವಲ್ಲ, ಈ ಎಳೆಗಳನ್ನು ಕಾಣಬಲ್ಲ ಉಪಾಧ್ಯಾಯರ ಕಣ್ಣು.