ನಡುವಿನ ಸೊನ್ನೆ

ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿನ ಪಶ್ಚಿಮ ಬದಿಗೆ ಇಳಿದು, ಕ್ಲೇರ್ ರೋಡಿನ ಕಡೆ ನಡೆದು, ಒಂದು ಗಲ್ಲಿಗೆ ಹೊರಳಿದೆ. ಮನೆಯ ಗುರುತು ಹೇಳುವುದು ಬೇಡವೆಂದು ಮನೆಯವರು ಮೊದಲೇ ಕೇಳಿಕೊಂಡಿದ್ದರು. ಎರಡಂತಸ್ತಿನ ಹಳೇ ಮನೆ, ಮರದ ಮೆಟ್ಟಿಲು, ತುಕ್ಕು ಹಿಡಿದ ಗೇಟು. ಇಷ್ಟು ಸಾಕು. ನಾನು ಹೋದದ್ದು ಹಿತ್ತಲಿನ ಜನರೇಟರ್ ನೋಡಲು.

ಕಾರಣ ನನ್ನದೇ. ಊರಿನ ಮನೆಗೆ ಜನರೇಟರ್ ತರಬೇಕೆಂದು ಅಣ್ಣ ಪ್ರತಿ ಮಳೆಗಾಲದಲ್ಲೂ ಹೇಳುತ್ತಾನೆ. ಘಟ್ಟದ ಕೆಳಗೆ ಲೈನಿನ ಮೇಲೊಂದು ಮರ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ. ಆದರೆ ಕರೆಂಟ್ ಹೋಗುವುದೇ ಅಪರೂಪವಾದ ಬೈಕುಲ್ಲಾದಲ್ಲಿ ಇದೇಕೆ? 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಗೆ ಮುಂಬಯಿಯೇ ಕರೆಂಟ್ ಕಳೆದುಕೊಂಡು ಲೋಕಲ್ ರೈಲುಗಳು ನಿಂತಲ್ಲೇ ನಿಂತವಲ್ಲ, ಆ ಹೊತ್ತಿಗೆ ಈ ಮನೆಯ ಅಜ್ಜ ಮಾಳಿಗೆಯಲ್ಲಿ ಆಕ್ಸಿಜನ್ ಮಷಿನ್ ಹಾಕಿಕೊಂಡು ಮಲಗಿದ್ದರಂತೆ. ಆಮೇಲೆ ಬಂದದ್ದು ಇದು.

ಹಿತ್ತಲು ಎಂದರೆ ಎರಡು ಗೋಡೆಗಳ ನಡುವಿನ ಓಣಿ, ಮೇಲೆ ಆಕಾಶ. ಹಸಿರು ಬಣ್ಣದ ಪೆಟ್ಟಿಗೆಯೊಳಗೆ 5 ಕೆವಿಎ ಡೀಸೆಲ್ ಸೆಟ್ ಕೂತಿದೆ. 5 ಅಂದರೆ ಪೂರ್ತಿ 5 ಕಿಲೋವ್ಯಾಟ್ ಅಲ್ಲ, ಪವರ್ ಫ್ಯಾಕ್ಟರ್ ಎನ್ನುವ 0.8ರಿಂದ ಗುಣಿಸಿ 4 ಎಂದು ಹಿಡಿಯಬೇಕು. ಹೊಗೆ ಕೊಳವೆ ಗೋಡೆಗುಂಟ ಏರಿ ಮಾಡಿನ ಆಚೆ ತಲೆ ಎತ್ತಿದೆ. ಕಟ್ಟಡದ ಎತ್ತರಕ್ಕೆ ಕೆವಿಎಯ ವರ್ಗಮೂಲದ ಐದನೇ ಒಂದು ಪಾಲು ಮೀಟರ್ ಸೇರಿಸಬೇಕೆಂಬುದು ಲೆಕ್ಕ. 5 ಕೆವಿಎಗೆ ಅರ್ಧ ಮೀಟರಿಗೂ ಕಡಿಮೆಯೇ ಬರುತ್ತದೆ. ಅಷ್ಟು ಇತ್ತೋ ಇಲ್ಲವೋ, ಕೆಳಗೆ ನಿಂತವನ ಕಣ್ಣಳತೆಗೆ ಸಿಗಲಿಲ್ಲ. ಹತ್ತಿರದಲ್ಲಿ ಕಿಟಕಿ ಇಲ್ಲದ್ದನ್ನು ಮಾತ್ರ ಎರಡು ಸಲ ನೋಡಿದೆ. ಈ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬರುತ್ತದೆಂದು ಜನರೇಟರನ್ನು ಜಗಲಿಗೆ ಎಳೆದುಕೊಳ್ಳುವ ನಮ್ಮ ಕಡೆಯವರ ನೆನಪಾಯಿತು.

ತೋರಿಸಲು ಬಂದಿದ್ದ ಎಲೆಕ್ಟ್ರಿಷಿಯನ್ ಕಲಬುರಗಿ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವರ ಮಾತಿಗೆ ಲಂಗುಲಗಾಮು ಇರಲಿಲ್ಲ, ನನಗೂ ಅದೇ ಬೇಕಿತ್ತು. ಜನರೇಟರಿನ ಮೈಯಿಂದ ಎರಡು ಪಟ್ಟಿಗಳು ಬೇರೆ ಬೇರೆ ದಾರಿಯಲ್ಲಿ ಹೋಗಿ ಎರಡು ಗುಂಡಿಗಳಿಗೆ ಇಳಿದಿದ್ದವು. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ. ಒಂದು ಪಟ್ಟಿ ಕಡಿದರೂ ಇನ್ನೊಂದು ಇರಲಿ ಎಂದು ಎರಡು. ಮುಚ್ಚಳ ಎತ್ತಿದರೆ ನಟ್ಟು ಬೋಲ್ಟಿನ ಮೇಲೆ ಕಂದು ಹುಡಿ. ಸಮುದ್ರದ ಗಾಳಿಯ ಕೆಲಸ. ಅವರು ಸ್ಪಾನರ್ ಹಾಕಿ ಕಾಲು ಸುತ್ತು ಬಿಗಿ ಮಾಡಿದರು. ಅಂದರೆ ಸಡಿಲವಾಗಿತ್ತು ಎಂದಾಯಿತಲ್ಲ ಎಂದೆ. ನಕ್ಕರು.

ಅಲ್ಲಿಂದ ಕೇಬಲ್ಲಿನ ಜಾಡು ಹಿಡಿದು ಒಳಗೆ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಮೀಟರು, ಮೇನ್ ಸ್ವಿಚ್ಚು, ಪಕ್ಕದಲ್ಲಿ ಬೂದು ಬಣ್ಣದ ಕಬ್ಬಿಣದ ಡಬ್ಬಿ. ನೋಡಲು ಬಂದದ್ದು ಈ ಡಬ್ಬಿಯನ್ನೇ ಎಂದರೂ ಸರಿ. ಚೇಂಜ್‌ಓವರ್ ಸ್ವಿಚ್. ಕೈಹಿಡಿಗೆ ಮೂರೇ ಜಾಗ: ಒಂದು ತುದಿಯಲ್ಲಿ ಬೀದಿಯ ಕರೆಂಟು, ಇನ್ನೊಂದು ತುದಿಯಲ್ಲಿ ಜನರೇಟರ್, ನಡುವೆ ಸೊನ್ನೆ.

ಮುಚ್ಚಳ ತೆಗೆದು ತೋರಿಸುವ ಮೊದಲು ಅವರು ಮೇನ್ ಇಳಿಸಿದರು, ಆದರೂ ಟೆಸ್ಟರ್ ಇಟ್ಟು ನೋಡಿದರು. ಮೀಟರಿನಿಂದ ಬಂದ ಫೇಸ್ ಮತ್ತು ನ್ಯೂಟ್ರಲ್ ಒಂದು ಬದಿಗೆ, ಜನರೇಟರಿನ ಫೇಸ್ ಮತ್ತು ನ್ಯೂಟ್ರಲ್ ಇನ್ನೊಂದು ಬದಿಗೆ, ಮನೆಯೊಳಗೆ ಹೋಗುವ ಜೋಡಿ ನಡುವೆ. ಕೈಹಿಡಿ ತಿರುಗಿಸಿದರೆ ತಾಮ್ರದ ಅಲಗುಗಳು ಈ ಬದಿಯನ್ನು ಪೂರ್ತಿ ಬಿಟ್ಟ ಮೇಲೆಯೇ ಆ ಬದಿಯನ್ನು ಹಿಡಿಯುತ್ತವೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕೆಂದರೂ ಆಗದು. ಫೇಸ್ ಒಂದೇ ಅಲ್ಲ, ನ್ಯೂಟ್ರಲ್ ಕೂಡ ಬದಲಾಗುತ್ತದೆ.

“ನಡಕ ಸೊನ್ನಿ ಅದಲ್ರಿ, ಅಲ್ಲಿ ತಂದು ನಿಲ್ಲಸ್ರಿ. ಜನರೇಟರ್ ಚಾಲೂ ಮಾಡಿ, ಅದರ ದನಿ ಒಂದ ತಾಳಕ್ಕ ಬಂದ ಮ್ಯಾಲೆ ಈ ಕಡಿ ಹೊಳ್ಳಸ್ರಿ.”

ಈಗ ನಮ್ಮ ಮನೆಯ ಕಥೆ ಹೇಳಲೇಬೇಕು. ಹಿಂದೊಮ್ಮೆ ಮದುವೆಗೆ ಜನರೇಟರ್ ಬಾಡಿಗೆಗೆ ತಂದಾಗ, ತಂದವನು ಎರಡೂ ತುದಿಗೆ ಪ್ಲಗ್ ಇರುವ ಒಂದು ವೈರ್ ಕೊಟ್ಟಿದ್ದ. ಒಂದು ತುದಿ ಜನರೇಟರಿಗೆ, ಇನ್ನೊಂದು ಅಡುಗೆಮನೆಯ ಸಾಕೆಟ್ಟಿಗೆ; ಮನೆಯೆಲ್ಲ ಬೆಳಕು. ಎಂಥ ಉಪಾಯ ಎಂದು ನಾನೂ ಮೆಚ್ಚಿದ್ದೆ. ಆ ವೈರನ್ನು ಅಣ್ಣ ಇನ್ನೂ ಇಟ್ಟುಕೊಂಡಿದ್ದಾನೆ. ಇದನ್ನು ಹೇಳಿದಾಗ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಕರೆಂಟಿಗೆ ಮನಿ ಯಾವುದು, ಬೀದಿ ಯಾವುದು ಅಂತ ಗೊತ್ತಿರಂಗಿಲ್ರಿ ಸರ. ತಂತಿ ಇದ್ದ ಕಡಿ ಹೋಗ್ತದ.”

ಮೇನ್ ಇಳಿಸಲು ಮರೆತರೆ ಆ ಕರೆಂಟು ಸಾಕೆಟ್ಟಿನಿಂದ ಹಿಂದಕ್ಕೆ ಹರಿದು, ಮೀಟರ್ ದಾಟಿ, ಕಂಬ ಹತ್ತುತ್ತದೆ. 11,000 ವೋಲ್ಟನ್ನು 230ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಹಿಂದಿನಿಂದ 230 ಕೊಟ್ಟರೆ 11,000ಕ್ಕೆ ಏರಿಸಲೂ ಬಲ್ಲದು. ಅಷ್ಟು ದೂರದಲ್ಲಿ, ಲೈನ್ ಸತ್ತಿದೆ ಎಂದುಕೊಂಡು ಲೈನ್‌ಮನ್ ಒಬ್ಬ ಮಳೆಯಲ್ಲಿ ತಂತಿ ಜೋಡಿಸುತ್ತಿರುತ್ತಾನೆ. ವೈರಿನ ಒಂದು ಪ್ಲಗ್ ಕಳಚಿ ಬಿದ್ದರೆ ಅದರ ಹಿತ್ತಾಳೆ ಕಡ್ಡಿಗಳಲ್ಲೇ 230 ವೋಲ್ಟ್, ಮನೆಯ ಮಕ್ಕಳ ಕೈಗೆ. ಜನರೇಟರ್ ಓಡುತ್ತಿರುವಾಗಲೇ ಬೀದಿಯ ಕರೆಂಟ್ ಬಂದರೆ ಎರಡೂ ಡಿಕ್ಕಿ ಹೊಡೆದು ಜನರೇಟರ್ ಸುಟ್ಟೀತು. ಮದುವೆಯ ಆ ರಾತ್ರಿ ಮೇನ್ ಇಳಿಸಿದ್ದೆವೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಡಬ್ಬಿಯ ಮೇಲೆ ಗೋಲಿಯಷ್ಟು ದೊಡ್ಡ ಕೆಂಪು ದೀಪ. ಅದನ್ನು ಸ್ವಿಚ್ಚಿಗಿಂತ ಮೊದಲು, ಬೀದಿಯ ಬದಿಗೆ ಜೋಡಿಸಿದ್ದಾರೆ. ಮನೆ ಜನರೇಟರ್ ಮೇಲಿದ್ದಾಗ ಬೀದಿಗೆ ಕರೆಂಟ್ ಬಂದದ್ದು ತಿಳಿಯುವುದು ಈ ದೀಪದಿಂದಲೇ. 

ಮಾಳಿಗೆಯಲ್ಲಿ ಎರಡು ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್. ದೊಡ್ಡದರಲ್ಲಿ ಎಸಿ, ಗೀಸರ್. ಅದಕ್ಕೆ ಜನರೇಟರಿನ ನಂಟೇ ಇಲ್ಲ. ಚಿಕ್ಕದರಲ್ಲಿ ಫ್ಯಾನು, ದೀಪ, ಫ್ರಿಜ್ಜು, ಪಂಪು ಮತ್ತು ಅಜ್ಜನ ಕೋಣೆಯ ಒಂದು ಸಾಕೆಟ್. ಪಂಪಿನ ಮೋಟಾರು ಎದ್ದೇಳುವಾಗ ಓಟದ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ, ಉಳಿದದ್ದನ್ನೆಲ್ಲ ಆರಿಸಿ ಮೊದಲು ಅದನ್ನೇ ಹಾಕುವುದು ಇಲ್ಲಿನ ರೂಢಿ. ಚಿಕ್ಕ ಡಿಬಿಯ ತಲೆಯಲ್ಲಿ ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ‘ಟಿ’ ಗುಂಡಿ ಒತ್ತಿದರು, ಟಕ್ಕೆಂದು ಬಿತ್ತು. ಜನರೇಟರ್ ಮೇಲೆ ಓಡುವಾಗಲೂ ಇದು ಕೆಲಸ ಮಾಡಬೇಕಾದರೆ ಜನರೇಟರಿನ ನ್ಯೂಟ್ರಲನ್ನು ಅದರ ಹತ್ತಿರವೇ ಭೂಮಿಗೆ ಕಟ್ಟಿರಬೇಕಂತೆ. ಆ ಜೋಡಣೆ ಹಸಿರು ಪೆಟ್ಟಿಗೆಯೊಳಗೆ ಇದೆ ಎಂದರು. ನೋಡಲು ನಾನು ಮತ್ತೆ ಹಿತ್ತಲಿಗೆ ಹೋಗಲಿಲ್ಲ.

ಕೊನೆಗೆ ಮೆಟ್ಟಿಲ ಕೆಳಗಿನ ಡಬ್ಬಿಯ ಬಳಿ ಬಂದು ಒಂದು ಸಲ ಎಲ್ಲವನ್ನೂ ಮಾಡಿ ತೋರಿಸಿದರು. ಕೈಹಿಡಿ ಸೊನ್ನೆಗೆ ಬಂತು, ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಹಿತ್ತಲಲ್ಲಿ ಗುಡುಗುಡು ಎದ್ದಿತು, ಸ್ವಲ್ಪದರಲ್ಲಿ ಹದಕ್ಕೆ ಬಂತು. ವೋಲ್ಟ್ ಮೀಟರಿನ ಮುಳ್ಳು 230ರ ಹತ್ತಿರ ನಿಂತಾಗ ಖಟ್ ಎಂದು ಕೈಹಿಡಿ ಆ ಬದಿಗೆ. ಫ್ಯಾನು ಮತ್ತೆ ತಿರುಗಿತು. ವಾಪಸು ಬರುವಾಗಲೂ ಸೊನ್ನೆಯ ಮೂಲಕವೇ. ಆಮೇಲೂ ಎರಡು ಮೂರು ನಿಮಿಷ ಜನರೇಟರನ್ನು ಲೋಡಿಲ್ಲದೆ ತಣ್ಣಗಾಗಲು ಬಿಟ್ಟರು.

ಗಲ್ಲಿಯಿಂದ ಹೊರಗೆ ಬಂದವನೇ ಅಣ್ಣನಿಗೆ ಫೋನ್ ಮಾಡಿದೆ. ವೈರ್ ಎಲ್ಲಿದೆ ಎಂದು ಕೇಳಿದ್ದಕ್ಕೆ, “ಅಟ್ಟದ ಮೇಲೆ. ಯಾಕೋ?” ಎಂದ.

“ಇಳಿಸಿ, ಒಂದು ತುದಿಯ ಪ್ಲಗ್ ಕತ್ತರಿಸು. ನಾನು ಲೈನಿನಲ್ಲೇ ಇರ್ತೇನೆ.”